ಸಿಇ, ಎಫ್‌ಸಿಸಿ ಗುರುತು ಇದ್ದರೆ ಸಾಕಾ?

ಮುಧೋಳದ ಕಬ್ಬಿನ ಹೊಲಗಳಿಗೆ ಲೋರಾ (ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಸಂದೇಶ ಕಳಿಸುವ ರೇಡಿಯೋ) ಮಾಡ್ಯೂಲ್ ಹಾಕಿದ ಪಂಪ್ ಸ್ಟಾರ್ಟರ್ ಮಾಡಿ ಮಾರಬೇಕು, ಮಾಡ್ಯೂಲ್ ಮೇಲೆ ಸಿಇ, ಎಫ್‌ಸಿಸಿ ಎರಡೂ ಇವೆ, ಅಷ್ಟು ಸಾಕಲ್ವಾ ಅಂತ ಕೇಳಿದ್ದೀರಿ. ಸಾಕಾಗುವುದಿಲ್ಲ ರೀ. ಸಿಇ ಯುರೋಪಿನ, ಎಫ್‌ಸಿಸಿ ಅಮೆರಿಕದ ಲೆಕ್ಕ. ನಮ್ಮಲ್ಲಿ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ (ರೇಡಿಯೋ ತರಂಗ ನೋಡಿಕೊಳ್ಳುವ) ವಿಭಾಗದ ಇಟಿಎ, ಅಂದರೆ ಉಪಕರಣಕ್ಕೆ ಕೊಡುವ ಒಪ್ಪಿಗೆ ಪತ್ರ, ಬೇಕು.

ಕಾಗದಕ್ಕಿಂತ ಮೊದಲು ಫ್ರೀಕ್ವೆನ್ಸಿ ನೋಡಿ. ಇಲ್ಲಿ ಲೋರಾಕ್ಕೆ ಲೈಸೆನ್ಸ್ ಇಲ್ಲದೆ ಬಳಸುವುದು 865ರಿಂದ 868 ಮೆಗಾಹರ್ಟ್ಸ್. ಅಮೆರಿಕದ ಮಾಡ್ಯೂಲ್ ಓಡುವುದು 902–928ರಲ್ಲಿ. ನಮ್ಮ 900 ಬ್ಯಾಂಡಿನಲ್ಲಿ ಮೊಬೈಲಿನಿಂದ ಟವರಿಗೆ ಹೋಗುವ ಸಿಗ್ನಲ್ಲಿಗೆ 890–915 ಮೀಸಲು. ಅದರೊಳಗೆ ನಿಮ್ಮ ಪಂಪ್ ಬಾಯಿ ಹಾಕಿದರೆ ಹೇಗೆ? ಸಸ್ತಾ ಸಿಕ್ಕಿತು ಅಂತ 915 ಮೆಗಾಹರ್ಟ್ಸ್‌ನ ಅಮೆರಿಕದ ಮಾಡ್ಯೂಲ್ ತರಿಸಬೇಡಿ.

ಸಿಇ ನೋಡಿ ಜಾಸ್ತಿ ನಂಬಬೇಡಿ. ಎಷ್ಟೋ ವಸ್ತುಗಳಿಗೆ ತಯಾರಕರೇ ಅದನ್ನು ಹಚ್ಚಿಕೊಳ್ಳಬಹುದು. ನಮ್ಮ ಇಟಿಎಯನ್ನೂ ಇಲಾಖೆಯ ಸರಳ ಸಂಚಾರ್ ಪೋರ್ಟಲ್‌ನಲ್ಲಿ ಸ್ವಯಂ ಘೋಷಣೆ ಮೇಲೆ ಪಡೆಯಬಹುದು, ಆದರೆ ಮಾನ್ಯತೆ ಇರುವ ಲ್ಯಾಬಿನ ಆರ್‌ಎಫ್ (ರೇಡಿಯೋ ತರಂಗ) ಪರೀಕ್ಷೆಯ ವರದಿ ಬೇಕು. ಮಾಡ್ಯೂಲ್ ಮಾರುವವರ ಬಳಿ ಅದೇ ಮಾಡೆಲ್‌ನ ಇಟಿಎ ಇದೆಯಾ ಕೇಳಿ, ಪ್ರತಿ ಇಸಿದುಕೊಳ್ಳಿ. ಸುಮ್ನೆ ‘ಐತ್ರಿ’ ಅಂದರೆ ಒಪ್ಪಬೇಡಿ.

ಮುಂದೆ ಐಒಟಿ ಗೇಟ್‌ವೇ (ಇಂಥ ಉಪಕರಣಗಳನ್ನು ಇಂಟರ್ನೆಟ್ಟಿಗೆ ಜೋಡಿಸುವ ಪೆಟ್ಟಿಗೆ) ಕೂಡ ಮಾರುವುದಾದರೆ ಅದೇ ಇಲಾಖೆಯ ಟಿಇಸಿ ಎಂಬ ಎಂಜಿನಿಯರಿಂಗ್ ಕೇಂದ್ರದ ಎಂಟಿಸಿಟಿಇ, ಅಂದರೆ ಕಡ್ಡಾಯ ಪರೀಕ್ಷೆ-ಪ್ರಮಾಣಪತ್ರ, ಬೇರೆಯೇ ಇದೆ. ಅದರ ಪಟ್ಟಿ ನೋಡಿಕೊಂಡೇ ಡಿಸೈನ್ ಮುಗಿಸಿ.