ಓದುಗರ ಪ್ರಶ್ನೆ: ಹೈಫಾಕ್ಕೆ ಹೋದ ಮೈಸೂರಿನ ಸವಾರರು

ಪ್ರಶ್ನೆ: ದೆಹಲಿಯ ತೀನ್ ಮೂರ್ತಿಗಳಲ್ಲಿ ಒಂದು ಮೈಸೂರಿನ ಸೈನಿಕನದಂತೆ, ನಿಜವೇ? ಹಾಗಿದ್ದರೆ ನಮ್ಮ ಬೆಂಗಳೂರಿನಲ್ಲಿ ಅವರ ನೆನಪಿಗೆ ಏನೂ ಇಲ್ವಾ, ಸಾರ್?
– ಓದುಗರೊಬ್ಬರು, ಮಲ್ಲೇಶ್ವರ

ಉತ್ತರ: ನಿಜ. ಹೈದರಾಬಾದ್, ಜೋಧಪುರ, ಮೈಸೂರು, ಈ ಮೂರು ಸಂಸ್ಥಾನಗಳ ಲ್ಯಾನ್ಸರ್ಸ್ ಪಡೆಗಳ ನೆನಪಿಗೆ 1922ರಲ್ಲಿ ನಿಲ್ಲಿಸಿದ ಮೂವರು ಸೈನಿಕರ ಮೂರ್ತಿಗಳ ಸ್ಮಾರಕ ಅದು. ಭರ್ಜಿ ಹಿಡಿದು ಕುದುರೆ ಮೇಲೆ ಹೋಗಿ ಕಾದಾಡುತ್ತಿದ್ದವರು. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಆಗ ತುರ್ಕರ ಕೈಯಲ್ಲಿದ್ದ, ಈಗ ಇಸ್ರೇಲಿನಲ್ಲಿರುವ ಹೈಫಾ ಊರನ್ನು ಗೆಲ್ಲಬೇಕಿತ್ತು. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ಹೊಳೆ, ಬೆಟ್ಟದ ಮೇಲೆ ಫಿರಂಗಿಗಳು. ಮೈಸೂರಿನವರಲ್ಲಿ ಒಂದು ತುಕಡಿ ಆ ಫಿರಂಗಿಗಳನ್ನು ಹಿಡಿಯಲು ಕಡಿದಾದ ಬೆಟ್ಟ ಹತ್ತಿತು. ಜೋಧಪುರದವರು ಕೆಳಗೆ ನೇರವಾಗಿ ನುಗ್ಗಿದರು, ಅವರಿಗೆ ಮೈಸೂರಿನ ಉಳಿದ ಸವಾರರು ಬೆಂಬಲ ಕೊಟ್ಟರು, ಸಂಜೆಯ ಹೊತ್ತಿಗೆ ಊರು ಕೈವಶ.

ಬೆಂಗಳೂರಿನಲ್ಲೂ ಇದೆ ರೀ! ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ, ಒಂದು ಕಲ್ಲಿನ ಕಂಬ. ನನಗೆ ದೆಹಲಿಯದಕ್ಕಿಂತ ಇದೇ ಜಾಸ್ತಿ ಹತ್ತಿರ. ಅಲ್ಲಿ ಇಡೀ ಪಡೆಗೆ ಒಂದು ಕಂಚಿನ ಮೂರ್ತಿ ಅಷ್ಟೇ, ಇಲ್ಲಿ ಸತ್ತವರ ಹೆಸರುಗಳನ್ನೇ ಕೆತ್ತಿದ್ದಾರೆ. ಯುದ್ಧ ಬ್ರಿಟಿಷರದು, ಒಪ್ಪುತ್ತೇನೆ, ಆದರೆ ಹೋಗಿ ಸತ್ತವರು ನಮ್ಮವರು, ಅವರಿಗೂ ಮನೆಯಲ್ಲಿ ಕಾಯುವ ಜನ ಇದ್ದರು ಅಲ್ವಾ? ಸುಮ್ನೆ ಗಾಡಿಯಲ್ಲಿ ದಾಟಿ ಹೋಗಬೇಡಿ, ಇಳಿದು ಆ ಹೆಸರುಗಳನ್ನು ಓದಿ. ಬ್ರಿಗೇಡ್ ರಸ್ತೆ, ರೆಸಿಡೆನ್ಸಿ ರಸ್ತೆ ಸೇರುವಲ್ಲಿ ನಿಂತಿರುವ ಕಂಬ ಬೇರೆ, ಅದು ಮದ್ರಾಸ್ ಪಯೋನಿಯರ್ಸ್ ಎಂಬ ಇನ್ನೊಂದು ಸೈನಿಕ ಪಡೆಯವರದು.

ಪ್ರಶ್ನೆ: ಅಷ್ಟೆಲ್ಲ ಮಾಡಿದ ಮೇಲೆ ಭಾರತೀಯರಿಗೆ ಸೈನ್ಯದಲ್ಲಿ ಅಧಿಕಾರಿಗಳ ಸ್ಥಾನ ಸಿಕ್ಕಿತೇ?
– ಓದುಗರು, ಬಸವನಗುಡಿ

ಉತ್ತರ: ಸಿಕ್ಕಿತು, ಆದರೆ ಬಹಳ ಜುಗ್ಗತನದಿಂದ. ಮೊದಮೊದಲು ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೈನಿಕ ಅಕಾಡೆಮಿಯಲ್ಲಿ ವರ್ಷಕ್ಕೆ ನಮ್ಮವರಿಗೆ ಇಟ್ಟಿದ್ದೇ 10 ಸೀಟು. ಡೆಹರಾಡೂನ್‌ನಲ್ಲಿ ನಮ್ಮದೇ ಸೈನಿಕ ಅಕಾಡೆಮಿ ಶುರುವಾಗಲು 1932ರ ತನಕ ಕಾಯಬೇಕಾಯಿತು. ಅದಕ್ಕೂ ಮೊದಲೇ ಬಂದವರಲ್ಲಿ ನಮ್ಮ ಕೊಡಗಿನವರೇ ಇಬ್ಬರು: 1919ರಲ್ಲಿ ಅಧಿಕಾರಿಯಾದ ಕಾರ್ಯಪ್ಪ, 1926ರಲ್ಲಿ ತಿಮ್ಮಯ್ಯ. ತಿಮ್ಮಯ್ಯನವರು ಓದಿದ್ದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ. ಮುಂದೆ ಇಬ್ಬರೂ ಸ್ವತಂತ್ರ ಭಾರತದ ಸೇನೆಯ ಮುಖ್ಯಸ್ಥರಾದರು.