ತೋಟದ ಪ್ರಶ್ನೋತ್ತರ: ಒಳಗೆ ಬರುವ ಗಿಡಗಳು, ಬೇಲಿ ಹಾರುವ ಜಿಂಕೆಗಳು

ಈ ಸಂಚಿಕೆಗೆ ಬಂದಿರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಹಿಮ ಬೀಳುವ ಪ್ರದೇಶಗಳಲ್ಲಿ ತೋಟ ಮಾಡುವವರದು. ಕೆಲವರಿಗೆ ಚಳಿ ತಡೆಯದ ಗಿಡಗಳನ್ನು ಮನೆಯೊಳಗೆ ಉಳಿಸಿಕೊಳ್ಳುವ ಚಿಂತೆಯಾದರೆ, ಇನ್ನು ಕೆಲವರಿಗೆ ಹೊರಗೆ ಉಳಿದ ಗಿಡಗಳನ್ನು ಜಿಂಕೆಗಳಿಂದ ಕಾಪಾಡುವ ಚಿಂತೆ. ಎರಡನ್ನೂ ಒಟ್ಟಿಗೆ ಎತ್ತಿಕೊಂಡಿದ್ದಕ್ಕೆ ಕಾರಣ ಕೊನೆಯ ಪ್ರಶ್ನೆಯಲ್ಲಿದೆ.

ಪ್ರಶ್ನೆ: ಕುಂಡದ ಗಿಡಗಳನ್ನು ಯಾವಾಗ ಒಳಗೆ ತರಬೇಕು? ಮೊದಲ ಹಿಮ ಬೀಳುವ ಮುನ್ಸೂಚನೆ ಬಂದ ದಿನ ತಂದರೆ ಸಾಲದೇ?

ಸಾಲದು. ದಾಸವಾಳ, ಬೋಗನ್‌ವಿಲ್ಲಾ, ಕೆಸುವಿನ ಜಾತಿಯ ಅಲಂಕಾರಿಕ ಗಿಡಗಳಂಥ ಉಷ್ಣವಲಯದ ಸಸ್ಯಗಳು ಹಿಮ ಬೀಳುವವರೆಗೆ ಕಾಯದೆ, ಅದಕ್ಕಿಂತ ಬಹಳ ಮೊದಲೇ ನಲುಗತೊಡಗುತ್ತವೆ. ರಾತ್ರಿಯ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿಯುವ ಹೊತ್ತಿಗೆ ಅವು ಒಳಗಿರಬೇಕು. ಮನೆಯಲ್ಲಿ ಹೀಟರ್ ಹಚ್ಚುವುದಕ್ಕೆ ಮೊದಲೇ ತಂದರೆ ಇನ್ನೂ ಒಳ್ಳೆಯದು, ಏಕೆಂದರೆ ಆಗ ಒಳಗಿನ ಮತ್ತು ಹೊರಗಿನ ಗಾಳಿಯ ನಡುವೆ ಅಷ್ಟು ದೊಡ್ಡ ಅಂತರ ಇರುವುದಿಲ್ಲ. ಸಾಧ್ಯವಿದ್ದರೆ ಅದಕ್ಕೂ ಒಂದೆರಡು ವಾರ ಮುಂಚೆ ಕುಂಡಗಳನ್ನು ಬಿಸಿಲಿನಿಂದ ನೆರಳಿಗೆ ಸರಿಸಿ, ಕಡಿಮೆ ಬೆಳಕಿಗೆ ಒಗ್ಗಿಸಿ.

ಒಳಗೆ ತರುವ ಮುನ್ನ ಎಲೆಗಳ ಅಡಿಭಾಗವನ್ನು ನೋಡುವುದನ್ನು ಮರೆಯಬೇಡಿ. ಹೊರಗೆ ಮಳೆ, ಗಾಳಿ ಮತ್ತು ಪರಭಕ್ಷಕ ಕೀಟಗಳ ಹಿಡಿತದಲ್ಲಿದ್ದ ಸಸ್ಯಹೇನು, ಬಿಳಿನೊಣ ಮತ್ತು ಹಿಟ್ಟು ತಿಗಣೆಗಳು ಬೆಚ್ಚನೆಯ ಕೋಣೆಯೊಳಗೆ ಯಾವ ಅಡ್ಡಿಯೂ ಇಲ್ಲದೆ ಹೆಚ್ಚುತ್ತವೆ. ಗಿಡವನ್ನು ನೀರಿನ ಧಾರೆಯಲ್ಲಿ ತೊಳೆದು, ಕೀಟನಾಶಕ ಸಾಬೂನಿನ ದ್ರಾವಣವನ್ನು ಎಲೆಯ ಎರಡೂ ಬದಿಗೆ ಸಿಂಪಡಿಸಿ, ವಾರದ ನಂತರ ಮತ್ತೊಮ್ಮೆ ಸಿಂಪಡಿಸಿ. ಮಣ್ಣಿನೊಳಗೆ ಇರುವೆ ಅಥವಾ ಸಹಸ್ರಪದಿಗಳಿರುವ ಸಂಶಯವಿದ್ದರೆ ಕುಂಡವನ್ನು ಅಂಚಿನವರೆಗೆ ಉಗುರುಬೆಚ್ಚಗಿನ ನೀರಿನಲ್ಲಿ ಹದಿನೈದು ನಿಮಿಷ ಮುಳುಗಿಸಿಟ್ಟರೆ ಅವು ಮೇಲೆ ಬರುತ್ತವೆ. ನಂತರ ನೀರು ಪೂರ್ತಿ ಬಸಿದು ಹೋಗಲು ಬಿಡಿ.

ಪ್ರಶ್ನೆ: ಒಳಗೆ ತಂದ ಎರಡೇ ವಾರದಲ್ಲಿ ದಾಸವಾಳದ ಎಲೆಗಳು ಹಳದಿಯಾಗಿ ಉದುರಿದವು. ದಿನವೂ ನೀರು ಹಾಕಿದೆ, ಗೊಬ್ಬರವನ್ನೂ ಕೊಟ್ಟೆ. ಉದುರುವುದು ಹೆಚ್ಚಾಯಿತೇ ಹೊರತು ನಿಲ್ಲಲಿಲ್ಲ. ಗಿಡ ಸತ್ತಿತೆಂದು ತಿಳಿಯಬೇಕೇ?

ಬಹುಶಃ ಸತ್ತಿಲ್ಲ. ಕೊಂಬೆಯ ತೊಗಟೆಯನ್ನು ಉಗುರಿನಿಂದ ತುಸು ಕೆರೆದು ನೋಡಿ. ಒಳಗೆ ಹಸಿರು ಕಂಡರೆ ಗಿಡ ಜೀವಂತವಾಗಿದೆ. ಆದರೆ ನೀರು ಮತ್ತು ಗೊಬ್ಬರವನ್ನು ಇಂದೇ ನಿಲ್ಲಿಸಿ.

ಇಲ್ಲಿ ಏನಾಯಿತೆಂದು ತಿಳಿದುಕೊಂಡರೆ ಮುಂದಿನ ನಾಲ್ಕು ತಿಂಗಳು ಮಾಡಬೇಕಾದ್ದೆಲ್ಲ ತಾನಾಗಿ ಸ್ಪಷ್ಟವಾಗುತ್ತದೆ. ಬೇಸಿಗೆಯ ಬಿಸಿಲಿನಲ್ಲಿ ಮೂಡಿದ ಎಲೆಗಳು ಆ ಪ್ರಖರ ಬೆಳಕಿಗೆಂದೇ ರೂಪುಗೊಂಡಿರುತ್ತವೆ. ಕಿಟಕಿಯ ಬಳಿ ನಮ್ಮ ಕಣ್ಣಿಗೆ ಸಾಕಷ್ಟು ಬೆಳಕಿದೆ ಎನಿಸಿದರೂ, ಗಿಡಕ್ಕೆ ಅಲ್ಲಿ ಸಿಗುವುದು ಹೊರಗಿನ ಬೆಳಕಿನ ಒಂದು ಸಣ್ಣ ಪಾಲು ಮಾತ್ರ. ಕಿಟಕಿಯಿಂದ ದೂರ ಸರಿದಷ್ಟೂ ಅದು ಬಹು ಬೇಗ ಕುಗ್ಗುತ್ತದೆ. ಅಷ್ಟು ಕಡಿಮೆ ಬೆಳಕಿನಲ್ಲಿ ಹಳೆಯ ಎಲೆಗಳನ್ನು ಸಾಕುವುದು ಗಿಡಕ್ಕೆ ನಷ್ಟದ ವ್ಯವಹಾರವಾದ್ದರಿಂದ ಅದು ಅವುಗಳನ್ನು ಕಳಚಿಕೊಳ್ಳುತ್ತದೆ, ಮುಂದೆ ಕಡಿಮೆ ಬೆಳಕಿಗೆ ಹೊಂದುವ ಹೊಸ ಎಲೆಗಳನ್ನು ಬಿಡುತ್ತದೆ. ಎಲೆ ಉದುರುವುದು, ಅಂದರೆ, ರೋಗಲಕ್ಷಣವಾಗಿರಬೇಕಾಗಿಲ್ಲ. ಆದರೆ ಎಲೆಗಳು ಕಡಿಮೆಯಾದಾಗ ಗಿಡ ಹೀರುವ ನೀರೂ ಕಡಿಮೆಯಾಗುತ್ತದೆ. ಆ ಹೊತ್ತಿಗೇ ನಾವು ಗಾಬರಿಯಿಂದ ದಿನವೂ ನೀರು ಸುರಿದರೆ ಮಣ್ಣಿನ ಸಂದುಗಳಲ್ಲಿದ್ದ ಗಾಳಿಯ ಜಾಗವನ್ನು ನೀರು ತುಂಬಿಕೊಂಡು ಬೇರುಗಳು ಉಸಿರುಗಟ್ಟಿ ಕೊಳೆಯುತ್ತವೆ. ಕೊಳೆತ ಬೇರು ನೀರು ಹೀರಲಾರದ ಕಾರಣ ಗಿಡ ಬಾಡುತ್ತದೆ. ಬಾಡಿದ್ದನ್ನು ಕಂಡು ನಾವು ಇನ್ನಷ್ಟು ನೀರು ಹಾಕುತ್ತೇವೆ. ಚಳಿಗಾಲದಲ್ಲಿ ಒಳಗೆ ತಂದ ಗಿಡಗಳು ನಿರ್ಲಕ್ಷ್ಯದಿಂದ ಸಾಯುವುದಕ್ಕಿಂತ ಹೆಚ್ಚಾಗಿ ಈ ಅತಿ ಆರೈಕೆಯಿಂದ ಸಾಯುತ್ತವೆ ಎಂಬುದು ನನ್ನ ದೃಢ ಅಭಿಪ್ರಾಯ.

ಬೆರಳನ್ನು ಮಣ್ಣಿಗೆ ಎರಡು ಮೂರು ಸೆಂಟಿಮೀಟರ್ ಇಳಿಸಿ, ಒಣಗಿದೆ ಎನಿಸಿದರೆ ಮಾತ್ರ ನೀರು ಕೊಡಿ. ಕೊಡುವಾಗ ತಳದ ತೂತಿನಿಂದ ಹೊರಬರುವಷ್ಟು ಕೊಟ್ಟು, ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ. ಮಣ್ಣಿನ ಮೇಲೆ ಹಾರಾಡುವ ಸಣ್ಣ ಕಪ್ಪು ನೊಣಗಳ ಕಾಟವೂ ಇದರಿಂದಲೇ ತಗ್ಗುತ್ತದೆ, ಏಕೆಂದರೆ ಅವುಗಳ ಮರಿಗಳು ಬದುಕುವುದು ಸದಾ ಒದ್ದೆಯಾಗಿರುವ ಮೇಲ್ಪದರದಲ್ಲಿ. ಗೊಬ್ಬರ ವಸಂತದವರೆಗೆ ಬೇಡವೇ ಬೇಡ. ಬೆಳಕಿಲ್ಲದಾಗ ಗೊಬ್ಬರ ಕೊಟ್ಟರೆ ಉದ್ದುದ್ದ, ಬಲಹೀನ ಚಿಗುರು ಬರುತ್ತದೆ. ಕೋಣೆ 10ರಿಂದ 15 ಡಿಗ್ರಿಯಷ್ಟು ತಂಪಾಗಿದ್ದರೆ ಗಿಡ ಹೆಚ್ಚುಕಡಿಮೆ ವಿಶ್ರಾಂತಿಗೆ ಜಾರುತ್ತದೆ, ಆಗ ಬೆಳಕಿನ ಕೊರತೆಯೂ ಅಷ್ಟಾಗಿ ಬಾಧಿಸುವುದಿಲ್ಲ. ಬೆಚ್ಚನೆಯ ಕೋಣೆಯೇ ಗತಿ ಎಂದಾದರೆ ಎಲ್‌ಇಡಿ ಬೆಳೆದೀಪವೊಂದನ್ನು ಗಿಡದ ತುದಿಗೆ ಹತ್ತಿರವಾಗಿ ತೂಗುಹಾಕಿ, ದಿನಕ್ಕೆ 12ರಿಂದ 14 ತಾಸು ಉರಿಸಿ.

ಹೀಟರ್ ಹಚ್ಚಿದ ಮನೆಯ ಒಣ ಗಾಳಿಯಲ್ಲಿ ಕೆಂಪು ನುಸಿ ಬೇಗ ಹರಡುತ್ತದೆ. ಎಲೆಯ ಮೇಲೆ ಸೂಜಿಮೊನೆಯಷ್ಟು ತಿಳಿ ಚುಕ್ಕೆಗಳು, ಅಡಿಯಲ್ಲಿ ತೆಳುವಾದ ಬಲೆ ಕಂಡರೆ ಅದರದೇ ಕೆಲಸ. ಆಗಾಗ ಬಚ್ಚಲಿನಲ್ಲಿ ಎಲೆಗಳನ್ನು ತೊಳೆಯುವುದು ಇದಕ್ಕೆ ಸರಳ ಉಪಾಯ. ಬೆಣಚುಕಲ್ಲು ತುಂಬಿದ ತಟ್ಟೆಯಲ್ಲಿ ನೀರಿಡುವುದು, ದಿನಕ್ಕೊಮ್ಮೆ ನೀರು ಚಿಮುಕಿಸುವುದು ಇವೆಲ್ಲ ಎಲ್ಲರೂ ಹೇಳುವ ಸಲಹೆಗಳೇ ಆದರೂ, ಗಾಳಿಯ ತೇವಾಂಶದಲ್ಲಿ ಅವು ಮಾಡುವ ವ್ಯತ್ಯಾಸ ಅತ್ಯಲ್ಪ.

ಪ್ರಶ್ನೆ: ಅಷ್ಟೊಂದು ಕುಂಡಗಳನ್ನು ಇಡಲು ನಮ್ಮಲ್ಲಿ ಬೆಳಕಿನ ಜಾಗವೇ ಇಲ್ಲ. ಡೇಲಿಯಾ, ಕ್ಯಾನಾ, ಜೆರೇನಿಯಂ ಇವೆ. ಬಿಟ್ಟುಬಿಡುವುದೊಂದೇ ದಾರಿಯೇ?

ನೀವು ಹೆಸರಿಸಿದ ಮೂರಕ್ಕೂ ಬೆಳಕು ಕಡ್ಡಾಯವಲ್ಲ. ಮೊದಲ ಹಿಮಕ್ಕೆ ಡೇಲಿಯಾದ ಎಲೆಗಳು ಕಪ್ಪಾದ ಮೇಲೆ ಕಾಂಡವನ್ನು ನೆಲದಿಂದ 10–15 ಸೆಂಟಿಮೀಟರ್ ಬಿಟ್ಟು ಕತ್ತರಿಸಿ, ಬುಡದಿಂದ ದೂರದಲ್ಲಿ ಕವೆಗೋಲು ಇಳಿಸಿ ಗಡ್ಡೆಗಳನ್ನು ಗೊಂಚಲಾಗಿಯೇ ಮೇಲೆತ್ತಿ. ಗಡ್ಡೆಯ ಕುತ್ತಿಗೆ ಮುರಿಯದಂತೆ ನೋಡಿಕೊಳ್ಳಿ: ಡೇಲಿಯಾದ ಚಿಗುರುಕಣ್ಣು ಆಲೂಗಡ್ಡೆಯಂತೆ ಗಡ್ಡೆಯ ಮೈಮೇಲೆಲ್ಲ ಇರುವುದಿಲ್ಲ, ಹಳೆಯ ಕಾಂಡ ಸೇರುವ ಬುಡದಲ್ಲಿ ಮಾತ್ರ ಇರುತ್ತದೆ, ಆದ್ದರಿಂದ ಆ ಭಾಗ ಉಳಿಯದ ಗಡ್ಡೆ ಎಷ್ಟೇ ದಪ್ಪವಾಗಿದ್ದರೂ ಚಿಗುರಲಾರದು. ಕೆಲವು ದಿನ ನೆರಳಿನಲ್ಲಿ ಆರಿಸಿ, ತುಸುವೇ ತೇವವಿರುವ ತೆಂಗಿನ ನಾರಿನ ಪುಡಿ, ವರ್ಮಿಕ್ಯುಲೈಟ್ ಅಥವಾ ಮರದ ಹೊಟ್ಟಿನಲ್ಲಿ ಹುದುಗಿಸಿ, 4ರಿಂದ 10 ಡಿಗ್ರಿಯ ಕತ್ತಲೆ ಜಾಗದಲ್ಲಿಡಿ. ತಿಂಗಳಿಗೊಮ್ಮೆ ತೆರೆದು ನೋಡಿ; ಸುಕ್ಕಾಗಿದ್ದರೆ ಒಂದಿಷ್ಟು ನೀರು ಚಿಮುಕಿಸಿ, ಕೊಳೆತ ಭಾಗವನ್ನು ಕತ್ತರಿಸಿ ಎಸೆಯಿರಿ. ಕ್ಯಾನಾಕ್ಕೂ ಇದೇ ಕ್ರಮ, ಆದರೆ ಅದರ ಗಡ್ಡೆ ಪೂರ್ತಿ ಒಣಗಬಾರದು. ತಳಿಯ ಹೆಸರು ಬರೆದ ಚೀಟಿಯನ್ನು ಅಗೆಯುವ ದಿನವೇ ಕಟ್ಟಿಬಿಡಿ, ವಸಂತದ ಹೊತ್ತಿಗೆ ಎಲ್ಲ ಗಡ್ಡೆಗಳೂ ಒಂದೇ ತೆರನಾಗಿ ಕಾಣುತ್ತವೆ.

ಜೆರೇನಿಯಂ ಗಿಡವನ್ನು ಮಣ್ಣು ಕೊಡವಿ ಬೇರುಸಹಿತ ತಲೆಕೆಳಗಾಗಿ ನೆಲಮಾಳಿಗೆಯಲ್ಲಿ ತೂಗುಹಾಕಿ, ತಿಂಗಳಿಗೊಮ್ಮೆ ಬೇರನ್ನು ನೀರಿನಲ್ಲಿ ನೆನೆಸುವ ಹಳೆಯ ಪದ್ಧತಿಯೊಂದಿದೆ. ತಂಪಾದ, ತುಸು ತೇವವಿರುವ ನೆಲಮಾಳಿಗೆಗಳಿಗೆ ಅದು ಸರಿ. ಒಣಗಿದ ಬೆಚ್ಚನೆಯ ಕೋಣೆಯಲ್ಲಿ ಗಿಡ ಕಡ್ಡಿಯಾಗಿಬಿಡುತ್ತದೆ. ಅಂಥ ಮನೆಯಿದ್ದವರು ಬೇಸಿಗೆಯ ಕೊನೆಯಲ್ಲೇ ಬೆರಳುದ್ದದ ತುದಿಕಡ್ಡಿಗಳನ್ನು ಕತ್ತರಿಸಿ, ಕೆಳಗಿನ ಎಲೆ ತೆಗೆದು, ಗಾಯ ಒಣಗಿದ ಮೇಲೆ ಸಣ್ಣ ಕುಂಡಗಳಲ್ಲಿ ನೆಡುವುದು ಮೇಲು. ಕಿಟಕಿಯ ಒಂದು ಅಂಚಿನಲ್ಲಿ ಆರೇಳು ಗಿಡಗಳಿಗೆ ಜಾಗ ಸಿಗುತ್ತದೆ.

ಎಲ್ಲವನ್ನೂ ಉಳಿಸಲೇಬೇಕೆಂಬ ಹಟ ಮಾತ್ರ ಬೇಡ. ಬೀಜದಿಂದ ಒಂದೇ ಋತುವಿನಲ್ಲಿ ಹೂ ಬಿಡುವ ಗಿಡಗಳನ್ನು ಗೊಬ್ಬರದ ಗುಂಡಿಗೆ ಸೇರಿಸಲು ಹಿಂಜರಿಯಬೇಕಾಗಿಲ್ಲ.

ಪ್ರಶ್ನೆ: ರಾತ್ರಿ ಗಿಡಗಳನ್ನು ಮೇಯುತ್ತಿರುವುದು ಜಿಂಕೆಯೋ ಮೊಲವೋ ಎಂದು ತಿಳಿಯುವುದು ಹೇಗೆ?

ತುಂಡಾದ ತುದಿಯನ್ನು ನೋಡಿ. ಜಿಂಕೆಗೆ ಮೇಲ್ದವಡೆಯಲ್ಲಿ ಬಾಚಿಹಲ್ಲುಗಳಿಲ್ಲದ ಕಾರಣ ಅದು ಕಚ್ಚಿ ಎಳೆದು ಹರಿಯುತ್ತದೆ, ತುದಿ ಸೀಳುಸೀಳಾಗಿರುತ್ತದೆ. ಮೊಲ ಕತ್ತರಿಸಿದ್ದು ಚಾಕುವಿನಿಂದ ಓರೆಯಾಗಿ ಕೊಯ್ದಷ್ಟು ನುಣುಪಾಗಿರುತ್ತದೆ, ಮತ್ತು ಅದು ನೆಲದ ಹತ್ತಿರವೇ ಇರುತ್ತದೆ.

ಪ್ರಶ್ನೆ: ಸಾಬೂನಿನ ತುಂಡು, ಕೂದಲು, ಹೊಳೆಯುವ ತಗಡು ಎಲ್ಲವನ್ನೂ ಕಟ್ಟಿ ನೋಡಿದೆವು. ಮೊದಲ ವಾರ ಬಾರದ ಜಿಂಕೆಗಳು ನಂತರ ಅವುಗಳ ಪಕ್ಕದಲ್ಲೇ ನಿಂತು ಮೇಯುತ್ತಿವೆ. ಬೇಲಿಯೊಂದೇ ಪರಿಹಾರವೇ? ಎಷ್ಟು ಎತ್ತರ ಬೇಕು?

ನೀವು ಕಂಡದ್ದು ಎಲ್ಲೆಡೆ ನಡೆಯುವಂಥದ್ದೇ. ಹೊಸ ವಸ್ತು, ಹೊಸ ವಾಸನೆ ಕಂಡಾಗ ಜಿಂಕೆ ಹಿಂಜರಿಯುತ್ತದೆ. ಅದರಿಂದ ಅಪಾಯವಿಲ್ಲವೆಂದು ಮನದಟ್ಟಾದ ಕೂಡಲೇ ಆ ಹಿಂಜರಿಕೆ ಮುಗಿಯುತ್ತದೆ. ನಮ್ಮ ಕಿವಿಗೆ ಕೇಳದ ಶ್ರವಣಾತೀತ ಧ್ವನಿ ಹೊರಡಿಸುವ ಯಂತ್ರಗಳ ಮೇಲೂ ಭರವಸೆ ಇಡಬೇಡಿ. ಚಲನೆ ಕಂಡಾಗ ನೀರು ಚಿಮ್ಮುವ ಸಾಧನ ಇವೆಲ್ಲಕ್ಕಿಂತ ಮೇಲು, ಆದರೆ ನೀರು ಹೆಪ್ಪುಗಟ್ಟುವ ತಿಂಗಳುಗಳಲ್ಲಿ ಅದು ಕೆಲಸಕ್ಕೆ ಬಾರದು.

ಸಿಂಪಡಿಸುವ ವಿಕರ್ಷಕಗಳಲ್ಲಿ, ಅಂದರೆ ವಾಸನೆ ಅಥವಾ ರುಚಿಯಿಂದ ಜಿಂಕೆಯನ್ನು ದೂರವಿಡುವ ದ್ರಾವಣಗಳಲ್ಲಿ, ಕೊಳೆತ ಮೊಟ್ಟೆಯ ಘನಾಂಶವಿರುವವು ಉಳಿದವುಗಳಿಗಿಂತ ಚೆನ್ನಾಗಿ ಫಲ ಕೊಡುತ್ತವೆ. ಜಿಂಕೆಗಳಿಗೆ ದಾರಿ ರೂಢಿಯಾಗುವ ಮೊದಲೇ ಸಿಂಪಡಿಸಲು ಆರಂಭಿಸಿ, ಮೂರು ನಾಲ್ಕು ವಾರಕ್ಕೊಮ್ಮೆ ಮತ್ತು ಜೋರು ಮಳೆಯ ನಂತರ ಮತ್ತೆ ಸಿಂಪಡಿಸಬೇಕು. ಆಮೇಲೆ ಮೂಡಿದ ಚಿಗುರಿಗೆ ಹಿಂದಿನ ಸಿಂಪಡಣೆಯ ರಕ್ಷಣೆ ಇರುವುದಿಲ್ಲ ಎಂಬುದನ್ನು ಅನೇಕರು ಮರೆಯುತ್ತಾರೆ. ಇಷ್ಟಾದರೂ, ಹಸಿದ ಜಿಂಕೆಯ ಮುಂದೆ, ಅದರಲ್ಲೂ ಬೇರೇನೂ ಮೇವು ಸಿಗದ ಚಳಿಗಾಲದ ಕೊನೆಯಲ್ಲಿ, ಯಾವ ವಿಕರ್ಷಕವೂ ಖಾತರಿಯಲ್ಲ.

ಹಾಗಾಗಿ ಬೇಲಿಯೇ ಸರಿಯಾದ ಉತ್ತರ. ದೊಡ್ಡ ತೋಟಕ್ಕೆ 2.4 ಮೀಟರ್ ಎತ್ತರ ಬೇಕು, ಅದಕ್ಕಿಂತ ಕಡಿಮೆಯಾದರೆ ಬಲಿಷ್ಠ ಜಿಂಕೆ ಹಾರಬಲ್ಲದು. ಆದರೆ ಎತ್ತರವೊಂದೇ ಉಪಾಯವಲ್ಲ. ಜಿಂಕೆಗೆ ಎತ್ತರಕ್ಕೆ ಹಾರುವುದೂ ಗೊತ್ತು, ದೂರಕ್ಕೆ ಹಾರುವುದೂ ಗೊತ್ತು, ಎರಡನ್ನೂ ಒಂದೇ ನೆಗೆತದಲ್ಲಿ ಮಾಡುವುದು ಕಷ್ಟ. ಆದ್ದರಿಂದ 1.2ರಿಂದ 1.5 ಮೀಟರ್ ಎತ್ತರದ ಎರಡು ಬೇಲಿಗಳನ್ನು ಸುಮಾರು ಅಷ್ಟೇ ಅಂತರದಲ್ಲಿ ಸಾಲಾಗಿ ಹಾಕಿದರೆ ಅದು ನಡುವೆ ಸಿಕ್ಕಿಕೊಳ್ಳುವ ಭಯದಿಂದ ಹಾರಲು ಮುಂದಾಗುವುದಿಲ್ಲ. ಇಳಿಯುವ ಜಾಗ ಕಾಣದಿದ್ದರೂ ಅದು ಹಿಂದೆಗೆಯುವುದರಿಂದ, ಸಂದಿಲ್ಲದ ಹಲಗೆಯ ಬೇಲಿ 1.8 ಮೀಟರ್ ಇದ್ದರೂ ಸಾಮಾನ್ಯವಾಗಿ ನಡೆಯುತ್ತದೆ. ಕೆಲವೇ ಮೀಟರ್ ಅಗಲದ ತರಕಾರಿ ಮಡಿಗೆ ಇನ್ನೂ ಗಿಡ್ಡ ಬೇಲಿ ಸಾಕಾಗಬಹುದು, ಇಕ್ಕಟ್ಟಾದ ಜಾಗದೊಳಕ್ಕೆ ನೆಗೆಯಲು ಜಿಂಕೆಗೆ ಮನಸ್ಸಿಲ್ಲ.

ಬೇಲಿಯ ತಳವನ್ನು ಗಮನಿಸದಿರುವುದು ಸಾಮಾನ್ಯ ತಪ್ಪು. ಸಾಧ್ಯವಿದ್ದಲ್ಲಿ ಜಿಂಕೆ ಹಾರುವ ಬದಲು ನುಸುಳುತ್ತದೆ, ಆದ್ದರಿಂದ ನೆಲದ ಹತ್ತಿರ ಒಂದು ಗೇಣಿನ ಸಂದೂ ಉಳಿಯದಂತೆ ಬಲೆಯನ್ನು ಗೂಟ ಹೊಡೆದು ಬಿಗಿಯಿರಿ. ತೆಳುವಾದ ಕಪ್ಪು ಪ್ಲಾಸ್ಟಿಕ್ ಬಲೆ ಹಾಕುವವರು ಮೊದಲ ತಿಂಗಳುಗಳಲ್ಲಿ ಅದಕ್ಕೆ ಬಿಳಿ ಬಟ್ಟೆಯ ಚೂರುಗಳನ್ನು ಕಟ್ಟಬೇಕು; ಕಾಣದ ಬೇಲಿಗೆ ಓಡಿಬಂದು ಢಿಕ್ಕಿ ಹೊಡೆದರೆ ಬೇಲಿಯೂ ಉಳಿಯದು, ಪ್ರಾಣಿಗೂ ಗಾಯವಾಗುತ್ತದೆ.

ಪ್ರಶ್ನೆ: ಜಿಂಕೆ ತಿನ್ನದ ಗಿಡಗಳನ್ನಷ್ಟೇ ನೆಟ್ಟರೆ ಬೇಲಿಯ ಖರ್ಚು ತಪ್ಪುವುದಿಲ್ಲವೇ?

ಅರ್ಧದಷ್ಟು ತಪ್ಪೀತು. ಕಟುವಾಸನೆಯ ಲ್ಯಾವೆಂಡರ್ ಮತ್ತು ರೋಸ್‌ಮೆರಿ, ವಿಷವಿರುವ ಡ್ಯಾಫೊಡಿಲ್, ಫಾಕ್ಸ್‌ಗ್ಲೋವ್ ಮತ್ತು ಹೆಲಿಬೋರ್, ಈರುಳ್ಳಿ ಕುಲದ ಹೂಗಿಡಗಳು, ರೋಮವಿರುವ ಎಲೆಯ ಗಿಡಗಳು ಇವನ್ನು ಜಿಂಕೆ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಟ್ಯುಲಿಪ್, ಹೋಸ್ಟಾ, ಗುಲಾಬಿ, ಥೂಜಾ ಅದರ ಅಚ್ಚುಮೆಚ್ಚು. ಗುಲಾಬಿಯ ಮುಳ್ಳಿಗೆ ಅದು ಹೆದರುವುದೇ ಇಲ್ಲ. ದನ ಕುದುರೆಗಳಿಗೆ ಮಾರಕವಾದ ಯೂ ಗಿಡವನ್ನೂ ಜಿಂಕೆ ಮೇಯುತ್ತದೆ ಎಂದಮೇಲೆ, ವಿಷವಿದೆ ಎಂಬುದೊಂದರಿಂದಲೇ ಗಿಡ ಸುರಕ್ಷಿತವೆಂದು ತೀರ್ಮಾನಿಸುವಂತಿಲ್ಲ. ಜಿಂಕೆಗೆ ಇಷ್ಟವಾದ ಗಿಡಗಳನ್ನು ಮನೆಗೆ ಹತ್ತಿರ, ಅದಕ್ಕೆ ಇಷ್ಟವಾಗದವನ್ನು ಹೊರ ಅಂಚಿಗೆ ನೆಡುವುದು ಒಳ್ಳೆಯ ಕ್ರಮ.

ಪ್ರಶ್ನೆ: ಎಳೆಯ ಹಣ್ಣಿನ ಮರದ ತೊಗಟೆ ಶರತ್ಕಾಲದಲ್ಲಿ ಉಜ್ಜಿಹೋಗಿದೆ. ಇದೂ ಜಿಂಕೆಯದೇ?

ಹೌದು, ಗಂಡು ಜಿಂಕೆ ಸಂತಾನಕಾಲದಲ್ಲಿ ಕೊಂಬು ತಿಕ್ಕಿದ್ದು. ತೊಗಟೆ ಸುತ್ತಲೂ ಹೋಗಿದ್ದರೆ ಮರ ಉಳಿಯುವುದು ಕಷ್ಟ. ಒಂದು ಬದಿ ಮಾತ್ರ ಹೋಗಿದ್ದರೆ ಸಡಿಲ ಅಂಚುಗಳನ್ನು ಚೊಕ್ಕವಾಗಿ ಕತ್ತರಿಸಿ, ಬಣ್ಣವನ್ನಾಗಲಿ ಲೇಪವನ್ನಾಗಲಿ ಹಚ್ಚದೆ ಹಾಗೇ ಬಿಡಿ. ಮುಂದಿನ ವರ್ಷ ಬೇಸಿಗೆ ಮುಗಿಯುವ ಮೊದಲೇ ಕಾಂಡದ ಸುತ್ತ ಒಂದೂವರೆ ಮೀಟರ್ ಎತ್ತರದ ಗಟ್ಟಿ ತಂತಿಬಲೆ ನಿಲ್ಲಿಸಿ.

ಪ್ರಶ್ನೆ: ಚಳಿಗಾಲವಿಡೀ ಜೋಪಾನ ಮಾಡಿದ ದಾಸವಾಳವನ್ನು ವಸಂತದಲ್ಲಿ ಹೊರಗಿಟ್ಟ ಎರಡನೇ ರಾತ್ರಿಯೇ ಜಿಂಕೆಗಳು ಚಿಗುರನ್ನೆಲ್ಲ ತಿಂದುಹಾಕಿದವು. ಹಳೆಯ ಪೊದೆಗಳನ್ನು ಬಿಟ್ಟು ಅದಕ್ಕೇ ಏಕೆ ಬಾಯಿ ಹಾಕಬೇಕು?

ಒಳಗೆ ಬೆಳೆದ ಚಿಗುರು ಗಾಳಿ ಬಿಸಿಲುಗಳನ್ನು ಕಾಣದೆ ಮೃದುವಾಗಿ, ನೀರಿನಿಂದ ತುಂಬಿರುತ್ತದೆ. ತಿಂಗಳುಗಟ್ಟಲೆ ಕಡ್ಡಿ ಮತ್ತು ತೊಗಟೆ ಮೆದ್ದ ಪ್ರಾಣಿಗೆ ಅದಕ್ಕಿಂತ ರುಚಿಯಾದದ್ದು ಆಗ ಸುತ್ತಮುತ್ತ ಇರುವುದಿಲ್ಲ. ಅದೇ ಮೃದುತನದಿಂದಾಗಿ ನೇರ ಬಿಸಿಲಿಗೂ ಆ ಎಲೆಗಳು ಸುಟ್ಟು ಬೆಳ್ಳಗಾಗುತ್ತವೆ. ಆದ್ದರಿಂದ ಏಳರಿಂದ ಹತ್ತು ದಿನ ಗಿಡವನ್ನು ಹಗಲು ಮಾತ್ರ ಹೊರಗಿಟ್ಟು, ಮೊದಲು ನೆರಳಿನಲ್ಲಿ, ನಂತರ ಬೆಳಗಿನ ಎಳೆಬಿಸಿಲಿನಲ್ಲಿ, ಕೊನೆಗೆ ಪೂರ್ಣ ಬಿಸಿಲಿನಲ್ಲಿ ಗಟ್ಟಿಗೊಳಿಸಿ, ಸಂಜೆ ಒಳಗೆ ತನ್ನಿ. ಜಿಂಕೆಗಳು ಹೆಚ್ಚು ಓಡಾಡುವುದು ಮುಸ್ಸಂಜೆ ಮತ್ತು ಮುಂಜಾನೆಯ ನಡುವೆಯೇ. ರಾತ್ರಿ 10 ಡಿಗ್ರಿಗಿಂತ ಇಳಿಯದ ದಿನಗಳು ಬಂದ ಮೇಲೆ ಪೂರ್ತಿ ಹೊರಗೆ ಬಿಡಿ, ಬಿಡುವ ದಿನವೇ ಮೊದಲ ವಿಕರ್ಷಕ ಸಿಂಪಡಿಸಿ, ಬೇಲಿಯ ಒಳಗೆ ಜಾಗವಿದ್ದರೆ ಅಲ್ಲೇ ಇಡಿ. ತಿಂದುಳಿದ ಗಿಡವನ್ನು ಎಸೆಯಬೇಡಿ: ಹರಿದ ತುದಿಗಳನ್ನು ಆರೋಗ್ಯವಾದ ಗೆಣ್ಣಿನ ಮೇಲೆ ಚೊಕ್ಕವಾಗಿ ಸವರಿ. ವಸಂತದಲ್ಲಿ ದಾಸವಾಳವನ್ನು ಹೇಗೂ ಮೂರನೇ ಒಂದು ಭಾಗದಷ್ಟು ಸವರುವುದುಂಟು, ಈ ಬಾರಿ ಜಿಂಕೆಗಳು ಆ ಕೆಲಸವನ್ನು ಒರಟಾಗಿ ಮಾಡಿಹೋಗಿವೆ. ಹೊಸ ಚಿಗುರು ಕಂಡ ಮೇಲೆ ಗೊಬ್ಬರ ಕೊಡಲು ಶುರುಮಾಡಿ.