ಬಳಕೆ ತಪ್ಪಿದ ಇಂಗ್ಲಿಷ್ ಪದಗಳು ಯಾವುವು? ಅವುಗಳ ಅರ್ಥವೇನು?

ಇಂಥ ಪದಗಳ ಪಟ್ಟಿ ಹುಡುಕಿದರೆ ಬೇಕಾದಷ್ಟು ಸಿಗುತ್ತದೆ. ಬಹುಪಾಲು ನಾಲಿಗೆ ಹೊರಳದಂಥವು, ಓದಿ ನಕ್ಕು ಮರೆಯುವಂಥವು. ಅನುವಾದದ ಕೆಲಸ ಮಾಡುವ ನನಗೆ ಹೊಟ್ಟೆ ಉರಿಸುವುದು ಬೇರೆ ಥರದವು: ಇಂಗ್ಲಿಷಿನವರು ಕೈಬಿಟ್ಟರು, ಅದೇ ಅರ್ಥದ ನಮ್ಮ ಪದ ಮಾತ್ರ ದಿನಾ ಬಾಯಲ್ಲಿದೆ.

ಓವರ್‌ಮಾರೋ ಅಂದರೆ ನಾಡಿದ್ದು. 1535ರಲ್ಲಿ ಅಚ್ಚಾದ ಇಂಗ್ಲಿಷ್ ಅನುವಾದ ಕವರ್‌ಡೇಲ್ ಬೈಬಲ್ಲಿನಲ್ಲಿ ಈ ಪದ ಬರುತ್ತದೆ. ಮೊನ್ನೆಗೆ ಎರ್‌ಯೆಸ್ಟರ್‌ಡೇ ಅಂತಿತ್ತು. ಎರಡೂ ಹೋದವು. 'ಮೊನ್ನೆ ಬಂದ, ನಾಡಿದ್ದು ಹೋಗ್ತಾನೆ' ಅನ್ನುವ ನಾಲ್ಕು ಪದದ ಮಾತನ್ನು ಈಗ ಇಂಗ್ಲಿಷಿಗೆ ತಂದರೆ ಒಂದು ಮೊಳ ಉದ್ದವಾಗುತ್ತದೆ. ಜರ್ಮನ್ನರು ಜಾಣರು, ಊಬರ್‌ಮಾರ್ಗನ್ ಅನ್ನು ಇನ್ನೂ ಉಳಿಸಿಕೊಂಡಿದ್ದಾರೆ. (ನಮ್ಮ ಮೊನ್ನೆಯನ್ನೂ ಪೂರ್ತಿ ನಂಬುವಂತಿಲ್ಲ ಬಿಡಿ. 'ಮೊನ್ನೆ ಮೊನ್ನೆ ಮದುವೆ ಆಯ್ತು' ಅಂದವರ ಮಗು ಶಾಲೆಗೆ ಹೋಗುತ್ತಿರುತ್ತದೆ.)

ಹಿದರ್, ದಿದರ್, ವಿದರ್ ಮೂರನ್ನೂ ಇತ್ತ, ಅತ್ತ, ಎತ್ತ ಎಂದು ಓದಿಕೊಳ್ಳಿ. ನಮ್ಮಲ್ಲಿದ್ದಂತೆಯೇ ಮೊದಲ ಸದ್ದು ಬದಲಾದರೆ ದಿಕ್ಕು ಬದಲು. ಈಗ ಆ ಕೆಲಸವನ್ನೂ ಹಿಯರ್, ದೇರ್, ವೇರ್‌ಗಳೇ ಮಾಡುತ್ತವೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ದೌ. ನೀನು ಅನ್ನುವುದಕ್ಕೆ ದೌ, ನೀವು ಅನ್ನುವುದಕ್ಕೆ ಯೂ ಬಳಸುವ ಕಾಲವಿತ್ತು. ದೌ ಕ್ರಿಯಾಪದವೂ ಹೌದು; ಆಗ ಅದರ ಅರ್ಥ 'ಏಕವಚನದಲ್ಲಿ ಮಾತಾಡಿಸು'! 1603ರಲ್ಲಿ ಇಂಗ್ಲೆಂಡಿನ ಹೆಸರಾಂತ ನಾವಿಕ ವಾಲ್ಟರ್ ರ್‍ಯಾಲಿ ಮೇಲೆ ರಾಜದ್ರೋಹದ ವಿಚಾರಣೆ ನಡೆದಾಗ ಸರ್ಕಾರಿ ವಕೀಲ ಎಡ್ವರ್ಡ್ ಕೋಕ್ 'ಐ ದೌ ದೀ, ದೌ ಟ್ರೈಟರ್' ಎಂದು ಗದರಿದ. ಇಂದಿನ ಇಂಗ್ಲಿಷ್ ಓದುಗನಿಗೆ ಇದಕ್ಕೆ ಟಿಪ್ಪಣಿ ಬೇಕು. ನಮಗೆ ಬೇಡ, 'ಏಕವಚನದಲ್ಲಿ ಬೈದ' ಅಂದರೆ ಸಾಕು. ಅದೇ ಶತಮಾನದ ಕ್ವೇಕರ್ ಎಂಬ ಕ್ರೈಸ್ತ ಪಂಥದವರು ದೊಡ್ಡವರು, ಚಿಕ್ಕವರು ಎನ್ನದೆ ಎಲ್ಲರನ್ನೂ ನೀನು ಎಂದೇ ಕರೆದು ಅಧಿಕಾರಸ್ಥರ ಸಿಟ್ಟಿಗೆ ಗುರಿಯಾದರು. ತಮಾಷೆಯೆಂದರೆ, ಬೈಬಲ್ಲಿನಲ್ಲಿ ದೇವರಿಗೆ ಬಳಸಿದ್ದನ್ನು ಕೇಳಿ ಕೇಳಿ, ದೌ ಅಂದರೆ ಬಹಳ ಗೌರವದ ಮಾತು ಅಂತ ಈಗಿನ ಅನೇಕರು ತಿಳಿದಿದ್ದಾರೆ. ದೇವರನ್ನು ನಾವೂ ನೀನು ಅಂತಲೇ ಕರೆಯುತ್ತೇವಲ್ಲ, ಸಲುಗೆಗೆ.

ಇದಕ್ಕೆ ತದ್ವಿರುದ್ಧದ ಕಥೆ ಟಿಫಿನ್‌ದು. ಗುಟುಕು ಗುಟುಕಾಗಿ ಕುಡಿಯುವುದಕ್ಕೆ ಇದ್ದ ಟಿಫಿಂಗ್ ಎಂಬ ಹಳೆಯ ಆಡುಮಾತಿನಿಂದ ಬಂದದ್ದು. ಇಂಗ್ಲೆಂಡಿನಲ್ಲಿ ಊಟತಿಂಡಿಯ ಅರ್ಥದಲ್ಲಿ ಈಗ ಅಪರೂಪ. ನಮ್ಮಲ್ಲಿ ಬೆಳಗಾದರೆ 'ಟಿಫಿನ್ ಆಯ್ತಾ?'

ಪದ ಕೂಡಿಡುವ ಹುಚ್ಚಿದ್ದರೆ ಒಂದು ಎಚ್ಚರಿಕೆ. 1934ರ ವೆಬ್‌ಸ್ಟರ್ ನಿಘಂಟಿನಲ್ಲಿ 'ಡಾರ್ಡ್: ಸಾಂದ್ರತೆ' ಎಂದು ಅಚ್ಚಾಗಿತ್ತು. ಅಸಲಿಗೆ ಅದು ಪದವೇ ಅಲ್ಲ. ಸಾಂದ್ರತೆಯ ಸಂಕ್ಷೇಪ ದೊಡ್ಡ 'ಡಿ' ಅಥವಾ ಚಿಕ್ಕ 'ಡಿ' ಎಂದು, ಅಂದರೆ 'D or d' ಎಂದು, ಯಾರೋ ಚೀಟಿಯಲ್ಲಿ ಬರೆದಿದ್ದರು. ಅಕ್ಷರಗಳೆಲ್ಲ ಅಂಟಿಕೊಂಡು ಪದವಾಯಿತು. ಗೊತ್ತಾಗಲು ಐದು ವರ್ಷ ಬೇಕಾಯಿತು. ಹಾಗಾಗಿ ಪಟ್ಟಿಯಲ್ಲಿ ಸಿಕ್ಕಿದ್ದನ್ನು ಆಕ್ಸ್‌ಫರ್ಡ್‌ನ ದೊಡ್ಡ ನಿಘಂಟಿನಲ್ಲಿ ಒಮ್ಮೆ ನೋಡಿ. ಯಾವ ವರ್ಷ ಯಾರು ಬಳಸಿದ್ದರು ಎಂಬ ಸಾಲುಗಳು ಅಲ್ಲಿ ಅರ್ಥದ ಕೆಳಗೇ ಇರುತ್ತವೆ.